ಫ್ಲೋರಿನ್ ಇರುವ ಸಿ6 ಫಿನಿಶ್ ತೆಗೆದ ಮೇಲೆ ಎಣ್ಣೆ ಕಲೆಗೆ ದಾರಿ ಏನು?

ಮೇಜುಬಟ್ಟೆ_ನೇಯ್ಗೆ:
ಮೂರು ಬಟ್ಟೆಗಳ ಪ್ರಶ್ನೆ. ಒಂದು, 65/35 ಪಾಲಿಯೆಸ್ಟರ್-ಹತ್ತಿ ಮೇಜುಬಟ್ಟೆ, ಚದರ ಮೀಟರಿಗೆ 210 ಗ್ರಾಂ. ಎರಡು, ಪೂರ್ತಿ ಪಾಲಿಯೆಸ್ಟರಿನ ಸೋಫಾ ಬಟ್ಟೆ, 300 ಗ್ರಾಂ. ಮೂರು, ಕೆಲಸದ ಉಡುಪಿನ ಹತ್ತಿ ಟ್ವಿಲ್, 240 ಗ್ರಾಂ. ಇಲ್ಲಿಯವರೆಗೆ ಮೂರಕ್ಕೂ ಸಿ6 ಫ್ಲೋರೋಕೆಮಿಕಲ್ (ಆರು ಕಾರ್ಬನ್ ಸರಪಳಿಯ, ನೀರು-ಎಣ್ಣೆ ಎರಡನ್ನೂ ತಳ್ಳುವ ಫಿನಿಶ್, ಅಂದರೆ ಬಟ್ಟೆಗೆ ಕೊನೆಯಲ್ಲಿ ಕೊಡುವ ಲೇಪ), ಲೀಟರಿಗೆ 40 ಗ್ರಾಂ. ಎಣ್ಣೆ ತಳ್ಳುವ ಪರೀಕ್ಷೆಯಲ್ಲಿ 8ಕ್ಕೆ 5, ನೀರು ತಳ್ಳುವ ಸ್ಪ್ರೇ ಪರೀಕ್ಷೆಯಲ್ಲಿ 100ಕ್ಕೆ 100. ಈಗ ಖರೀದಿದಾರರು ಒಟ್ಟು ಫ್ಲೋರಿನ್ 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಪಾಲು) ಒಳಗಿರಬೇಕು ಅಂತಿದ್ದಾರೆ. ಅದೇ ಅಳತೆಯಲ್ಲಿ ಮೇಣದ ಎಮಲ್ಷನ್ ಹಾಕಿದರೆ ಸ್ಪ್ರೇ 90 ಬರುತ್ತೆ, ಎಣ್ಣೆ ಸೊನ್ನೆ. ಅದಕ್ಕಿಂತ ದೊಡ್ಡ ತಲೆನೋವು ಅಂದರೆ, ಅಡುಗೆ ಎಣ್ಣೆ ಬಿದ್ದ ಬಟ್ಟೆ ಒಗೆದ ಮೇಲೆ ಏನೂ ಹಾಕದ ಬಟ್ಟೆಗಿಂತ ಕೆಟ್ಟದಾಗಿ ಕಾಣುತ್ತೆ. ಡೋಸ್ ಹೆಚ್ಚಿಸಿದರೆ ಸರಿಹೋಗುತ್ತಾ, ಅಥವಾ ಕೆಮಿಕಲ್ಲನ್ನೇ ಬದಲಿಸಬೇಕಾ?

ಸ್ಟೆಂಟರ್_ಪಾಳಿ:
ಡೋಸ್ ಎರಡು ಪಟ್ಟು ಮಾಡಿದರೂ ಎಣ್ಣೆ ಸೊನ್ನೆಯೇ ಇರುತ್ತೆ. ಇದು ರೆಸಿಪಿಯ ತಪ್ಪಲ್ಲ, ಭೌತಶಾಸ್ತ್ರ. ನೀರಿನ ಮೇಲ್ಮೈ ಎಳೆತ ಸುಮಾರು 72 ಮಿಲಿನ್ಯೂಟನ್ ಪ್ರತಿ ಮೀಟರ್, ಅಡುಗೆ ಎಣ್ಣೆಗಳದ್ದು 32ರ ಆಸುಪಾಸು. ಮೇಣ, ಸಿಲಿಕೋನ್, ಉದ್ದ ಹೈಡ್ರೋಕಾರ್ಬನ್ ಬಾಲದ ಅಕ್ರಿಲೇಟ್, ಡೆಂಡ್ರಿಮರ್ (ಮರದಂತೆ ಕವಲೊಡೆದ ಅಣು) ಯಾವುದೇ ಇರಲಿ, ಅವುಗಳ ಮೇಲ್ಮೈ ಶಕ್ತಿ ಅದೇ ಅಳತೆಯಲ್ಲಿ 20ರಿಂದ 30ರ ನಡುವೆ. ಬಟ್ಟೆಯ ಮೇಲೆ ದ್ರವ ಮುತ್ತಿನಂತೆ ನಿಲ್ಲಬೇಕಾದರೆ ಈ ಎರಡು ಸಂಖ್ಯೆಗಳ ನಡುವೆ ದೊಡ್ಡ ಅಂತರ ಬೇಕು. ನೀರಿಗೆ ಆ ಅಂತರ ಸಿಗುತ್ತೆ, ಎಣ್ಣೆಗೆ ಸಿಗಲ್ಲ. ಒತ್ತೊತ್ತಾಗಿ ಜೋಡಿಸಿದ ಸಿಎಫ್3 (ಒಂದು ಕಾರ್ಬನ್, ಮೂರು ಫ್ಲೋರಿನ್) ತುದಿಗಳ ಮೇಲ್ಮೈ ಮಾತ್ರ 6ರವರೆಗೆ ಇಳಿಯುತ್ತೆ, ಅದಕ್ಕೇ ಸಿ8 (ಎಂಟು ಕಾರ್ಬನ್‌ನ ಹಳೆಯದು), ಸಿ6 ಎರಡೂ ಎಣ್ಣೆಯನ್ನು ತಳ್ಳುತ್ತಿದ್ದವು.

ಹಾಗಾಗಿ "ಸಿ6ಗೆ ಸಮನಾದ ಫ್ಲೋರಿನ್‌ರಹಿತ ಫಿನಿಶ್" ಅಂತ ಯಾರಾದರೂ ಮಾರಲು ಬಂದರೆ ಮೊದಲ ಪ್ರಶ್ನೆ: ಎಎಟಿಸಿಸಿ 118, ಅಂದರೆ ಎಣ್ಣೆ ತಳ್ಳುವ ಪರೀಕ್ಷೆಯಲ್ಲಿ ಎಷ್ಟು? ಆ ಪರೀಕ್ಷೆಯ 1ನೇ ದ್ರವ ಬಿಳಿ ಖನಿಜ ತೈಲ, 8ನೆಯದು ಎನ್-ಹೆಪ್ಟೇನ್. 1 ದಾಟುತ್ತೆ ಅಂದರೂ ಅನುಮಾನ ಪಡಿ. ನಿಜಕ್ಕೂ 4, 5 ಬಂದರೆ ಡಬ್ಬಿಯಲ್ಲಿ ಫ್ಲೋರಿನ್ ಇದೆ ಅಂತಲೇ ಲೆಕ್ಕ.

ಒಗೆತದ_ಲೆಕ್ಕ:
ಸ್ಟೆಂಟರ್ ಸರ್ ಹೇಳಿದ್ದು ಅರ್ಧ. ಒಗೆದ ಮೇಲೆ ಕಲೆ ಹೆಚ್ಚಾಗೋದು ಯಾಕೆ ಅನ್ನೋದು ಇನ್ನರ್ಧ, ಮೇಜುಬಟ್ಟೆಯವರಿಗೆ ಅದೇ ಮುಖ್ಯ.

ಮೇಣ ಹಾಕಿದ ನಾರು ನೀರನ್ನು ದ್ವೇಷಿಸುತ್ತೆ, ಎಣ್ಣೆಯನ್ನು ಪ್ರೀತಿಸುತ್ತೆ. ಹನಿ ಬಿದ್ದಾಗ ಎಣ್ಣೆ ಆ ಪದರದೊಳಕ್ಕೇ ಹರಡಿ ಕೂರುತ್ತೆ. ಮಷಿನ್ನಿಗೆ ಹಾಕಿದಾಗ ಸೋಪಿನ ನೀರು ನಾರಿನ ಹತ್ತಿರ ಹೋಗೋಕೇ ಆಗಲ್ಲ. ಹತ್ತಿ ಬಟ್ಟೆಯಲ್ಲಿ ನೀರು ಒಳನುಗ್ಗಿ ನಾರು ಉಬ್ಬಿ ಎಣ್ಣೆಯನ್ನು ಹೊರಗೆ ಉರುಳಿಸಬೇಕು, ಆ ಕೆಲಸ ನಿಲ್ಲುತ್ತೆ. ಸಾಲದ್ದಕ್ಕೆ ಒಗೆಯುವ ನೀರಿನಲ್ಲಿ ತೇಲುವ ಕೊಳೆಯೂ ಅದೇ ಜಿಡ್ಡಿಗೆ ಅಂಟಿ ಬೂದು ಬಣ್ಣ ಬರುತ್ತೆ. ನೀವು ನೋಡಿದ್ದು ಅದನ್ನೇ.

ಆದ್ದರಿಂದ ಮೊದಲು ಕೇಳಬೇಕಾದ್ದು ಯಾವ ಕೆಮಿಕಲ್ ಅಂತ ಅಲ್ಲ. ಈ ಬಟ್ಟೆಗೆ ಯಾವ ಕಲೆ ಬೀಳುತ್ತೆ, ಇದನ್ನು ಒಗೆಯುತ್ತಾರಾ ಇಲ್ಲವಾ? ಒಗೆಯುವ ಬಟ್ಟೆ, ಎಣ್ಣೆ ಕಲೆ: ತಳ್ಳುವ ಆಸೆ ಬಿಡಿ, ಬಿಡಿಸುವ ಫಿನಿಶ್ ಹಾಕಿ, ಅಂದರೆ ಸಾಯಿಲ್ ರಿಲೀಸ್. ಒಗೆಯಲಾಗದ ಬಟ್ಟೆ, ಕಾಫಿ, ಜ್ಯೂಸ್, ವೈನ್: ನೀರು ತಳ್ಳುವ ಫ್ಲೋರಿನ್‌ರಹಿತ ಫಿನಿಶ್ ಸಾಕು. ಒಗೆಯಲಾಗದ ಬಟ್ಟೆ ಮತ್ತು ಎಣ್ಣೆ ಎರಡೂ ಸೇರಿದರೆ ಫಿನಿಶ್ ಹುಡುಕಬೇಡಿ, ಕವರ್ ಬಿಚ್ಚಿ ಒಗೆಯುವಂತೆ ಜಿಪ್ ಹಾಕಿ.

ನಿಮ್ಮ ಮೂರಕ್ಕೂ ಒಂದೇ ಬಾತ್ (ಬಟ್ಟೆ ಅದ್ದುವ ಕೆಮಿಕಲ್ ದ್ರವ) ಇಟ್ಟುಕೊಳ್ಳೋದು ಇನ್ನು ಮುಂದೆ ನಡೆಯಲ್ಲ.

ಮೇಜುಬಟ್ಟೆ_ನೇಯ್ಗೆ:
ಅರ್ಥವಾಯಿತು. ಹಾಗಾದರೆ ಮೇಜುಬಟ್ಟೆಗೂ ಟ್ವಿಲ್‌ಗೂ ಸಾಯಿಲ್ ರಿಲೀಸ್, ಸೋಫಾಗೆ ನೀರು ತಳ್ಳುವುದು. ಎರಡಕ್ಕೂ ಅಳತೆ ಸಮೇತ ರೆಸಿಪಿ ಹೇಳಿದರೆ ಉಪಕಾರ. ಮೇಜುಬಟ್ಟೆಗೆ ಎರಡನ್ನೂ ಸೇರಿಸಿ ಹಾಕಬಹುದಾ?

ಸ್ಟೆಂಟರ್_ಪಾಳಿ:
ಸೇರಿಸಬೇಡಿ. ನೀರು ತಳ್ಳುವ ಡಿಸ್ಪರ್ಷನ್‌ಗಳು (ನೀರಿನಲ್ಲಿ ಸಣ್ಣ ಕಣಗಳಾಗಿ ಹರಡಿದ ಕೆಮಿಕಲ್) ಸಾಮಾನ್ಯವಾಗಿ ಕ್ಯಾಟಯಾನಿಕ್, ಅಂದರೆ ಧನ ವಿದ್ಯುದಂಶದವು; ಹತ್ತಿಯ ಸಾಯಿಲ್ ರಿಲೀಸ್ ಅಕ್ರಿಲಿಕ್‌ಗಳು ಆನಯಾನಿಕ್, ಅಂದರೆ ಋಣ ವಿದ್ಯುದಂಶದವು. ಒಂದೇ ತೊಟ್ಟಿಗೆ ಬಿದ್ದರೆ ಮೊಸರು ಒಡೆದ ಹಾಗೆ ಗಂಟುಗಂಟಾಗಿ ರೋಲರಿಗೆ ಮೆತ್ತಿಕೊಳ್ಳುತ್ತೆ. ಗಂಟಾಗದ ಜೋಡಿ ಸಿಕ್ಕಿದರೂ ಒಂದು ನೀರನ್ನು ಕರೆಯುತ್ತೆ, ಇನ್ನೊಂದು ಓಡಿಸುತ್ತೆ, ಎರಡೂ ಅರೆಬರೆ.

ಸೋಫಾ ಬಟ್ಟೆಗೆ, ಡೆಂಡ್ರಿಮರ್ ಅಥವಾ ಪಾಲಿಯುರೆಥೇನ್ ಮಾದರಿಯ ಡಿಸ್ಪರ್ಷನ್ ಇದ್ದರೆ, ಹೀಗೆ ಶುರು ಮಾಡಿ:

ಲೀಟರಿಗೆ 50ರಿಂದ 70 ಗ್ರಾಂ ಡಿಸ್ಪರ್ಷನ್. ಒಗೆತ ತಾಳಿಕೊಳ್ಳಬೇಕಾದರೆ ಬ್ಲಾಕ್ಡ್ ಐಸೋಸಯನೇಟ್ (ಬಿಸಿಯಾದಾಗ ತೆರೆದುಕೊಂಡು ಫಿನಿಶ್ಶನ್ನು ನಾರಿಗೆ ಕಟ್ಟುವ ವಸ್ತು) 8ರಿಂದ 10 ಗ್ರಾಂ. ಪಿಎಚ್ 4.5–5.5ಕ್ಕೆ ತರಲು ಅಸಿಟಿಕ್ ಆಮ್ಲ, 60 ಶೇಕಡಾದ್ದು 1 ಗ್ರಾಂ ಆಸುಪಾಸು. ಬಟ್ಟೆ ಬೇಗ ನೆನೆಯದಿದ್ದರೆ ಐಸೋಪ್ರೊಪನಾಲ್ 5ರಿಂದ 10 ಗ್ರಾಂ. ಅದು ಒಣಗುವಾಗ ಆವಿಯಾಗಿ ಹೋಗುತ್ತೆ. ಸಾಮಾನ್ಯ ವೆಟ್ಟಿಂಗ್ ಏಜೆಂಟ್ ಬಟ್ಟೆಯಲ್ಲೇ ಉಳಿದು ಫಿನಿಶ್ ಕೊಲ್ಲುತ್ತೆ, ಅದರ ಹತ್ತಿರ ಹೋಗಬೇಡಿ.

ಹಾಕುವ ಕ್ರಮಕ್ಕೂ ಬೆಲೆ ಇದೆ. ಮೊದಲು ನೀರು, ಆಮೇಲೆ ಆಮ್ಲ, ಆಮೇಲೆ ಡಿಸ್ಪರ್ಷನ್, ಕೊನೆಗೆ ಐಸೋಸಯನೇಟ್. ಪಾಲಿಯೆಸ್ಟರಿಗೆ ಪಿಕಪ್ (ಬಟ್ಟೆ ತನ್ನ ತೂಕದ ಎಷ್ಟು ಪಾಲು ದ್ರವ ಹೀರುತ್ತೆ ಅನ್ನೋದು) 40–50 ಶೇಕಡಾ, ಹತ್ತಿಗೆ 70–80. ಅಂದರೆ ಹತ್ತಿಗೂ ಪಾಲಿಯೆಸ್ಟರಿಗೂ ಅದೇ ಬಾತ್ ಹಾಕಿದರೆ ನಾರಿನ ಮೇಲೆ ಕೂರುವ ಪ್ರಮಾಣ ಒಂದೂವರೆ ಪಟ್ಟಿಗಿಂತ ಹೆಚ್ಚು ಬದಲಾಗುತ್ತೆ. ಇದನ್ನು ಮರೆತು "ಅದೇ 40 ಗ್ರಾಂ" ಅಂದರೆ ಹೋಲಿಕೆಗೇ ಅರ್ಥವಿಲ್ಲ.

ಒಣಗಿಸೋದು 110–130 ಡಿಗ್ರಿ, ಕ್ಯೂರಿಂಗ್ (ಬಿಸಿಯಲ್ಲಿ ಫಿನಿಶ್ ಗಟ್ಟಿಯಾಗಿಸೋದು) 160–170ರಲ್ಲಿ ಒಂದರಿಂದ ಎರಡು ನಿಮಿಷ. ಇದು ಬಟ್ಟೆಯ ಉಷ್ಣತೆ, ಗಾಳಿಯದ್ದಲ್ಲ. 300 ಗ್ರಾಂ ಬಟ್ಟೆ 160 ಮುಟ್ಟೋಕೇ ಹೊತ್ತು ಹಿಡಿಯುತ್ತೆ. ಪ್ಯಾನೆಲ್ಲಿನ ಸಂಖ್ಯೆ ನೋಡಿ ಮೋಸ ಹೋಗಬೇಡಿ, ಇನ್‌ಫ್ರಾರೆಡ್ ಸೆನ್ಸರ್ ಇಲ್ಲದಿದ್ದರೆ ಟೆಂಪರೇಚರ್ ಪಟ್ಟಿ ಅಂಟಿಸಿ ಓಡಿಸಿ. ಫ್ಲೋರಿನ್‌ರಹಿತ ಫಿನಿಶ್ ಕ್ಯೂರಿಂಗ್ ಕಡಿಮೆಯಾದರೆ ಸಿ6ನಂತೆ ಕ್ಷಮಿಸಲ್ಲ.

ಒಗೆತದ_ಲೆಕ್ಕ:
ಐಸೋಸಯನೇಟ್ ಕೊಳ್ಳುವಾಗ ಅದನ್ನು ಮುಚ್ಚಿಟ್ಟ ಬ್ಲಾಕಿಂಗ್ ವಸ್ತು ಯಾವುದು ಅಂತ ಕೇಳಿ. ಬ್ಯೂಟನೋನ್ ಆಕ್ಸೈಮ್ ಯುರೋಪಿನಲ್ಲಿ ಕ್ಯಾನ್ಸರ್‌ಕಾರಕ 1ಬಿ ವರ್ಗಕ್ಕೆ ಸೇರಿದೆ. ಡೈಮೀಥೈಲ್ ಪೈರಜೋಲ್ ಬ್ಲಾಕ್ ಮಾಡಿದ್ದು ಸಿಗುತ್ತೆ, ಅದು ಇನ್ನೂ ಕಡಿಮೆ ಶಾಖದಲ್ಲೇ ತೆರೆದುಕೊಳ್ಳುತ್ತೆ. ಒಂದು ವಿಷ ತೆಗೆದು ಇನ್ನೊಂದನ್ನು ತುಂಬಿಸೋದಾದರೆ ಇಷ್ಟೆಲ್ಲ ಒದ್ದಾಟ ಯಾಕೆ?

ಇನ್ನು ಸಾಯಿಲ್ ರಿಲೀಸ್. ಹತ್ತಿ ಟ್ವಿಲ್‌ಗೆ ಕಾರ್ಬಾಕ್ಸಿಲ್ ಗುಂಪುಗಳಿರುವ ಅಕ್ರಿಲಿಕ್ ಕೋಪಾಲಿಮರ್ ಲೀಟರಿಗೆ 40–60 ಗ್ರಾಂ, ಅದನ್ನು ಹಿಡಿದಿಡಲು ಕಡಿಮೆ ಫಾರ್ಮಾಲ್ಡಿಹೈಡ್‌ನ ಡಿಎಂಡಿಎಚ್‌ಇಯು ರೆಸಿನ್ (ಹತ್ತಿಯ ಅಣುಗಳನ್ನು ಒಂದಕ್ಕೊಂದು ಕಟ್ಟುವ ವಸ್ತು) 40–50, ಮೆಗ್ನೀಷಿಯಂ ಕ್ಲೋರೈಡ್ ಕ್ಯಾಟಲಿಸ್ಟ್ 10–12. ಕ್ಯೂರಿಂಗ್ 150ರಲ್ಲಿ 3 ನಿಮಿಷ. ಕೆಲಸ ಮಾಡುವ ಬಗೆ ಹೀಗೆ: ಒಗೆಯುವ ನೀರು ಕ್ಷಾರೀಯ ಆದಾಗ ಕಾರ್ಬಾಕ್ಸಿಲ್‌ಗಳು ಅಯಾನುಗಳಾಗಿ ಪದರ ಉಬ್ಬುತ್ತೆ, ನೀರು ಎಣ್ಣೆಯ ಕೆಳಗೆ ನುಗ್ಗಿ ಅದನ್ನು ಮೇಲಕ್ಕೆ ತಳ್ಳುತ್ತೆ. ಗಡಸು ನೀರಿದ್ದರೆ ಕ್ಯಾಲ್ಸಿಯಂ ಹೋಗಿ ಆ ಕಾರ್ಬಾಕ್ಸಿಲ್‌ಗಳನ್ನೇ ಕಟ್ಟಿಹಾಕುತ್ತೆ, ಫಲಿತಾಂಶ ಇಳಿಯುತ್ತೆ. ಹೀಗಾಗಿ ಲ್ಯಾಬಿನ ಮೃದು ನೀರಿನಲ್ಲಿ ಬಂದ ಅಂಕ ನಂಬಿ ಕೂರಬೇಡಿ.

ರೆಸಿನ್ ಹಾಕಿದ ಹತ್ತಿಯ ಹರಿಯದೆ ತಾಳುವ ಬಲ ಕಾಲು ಭಾಗಕ್ಕಿಂತ ಹೆಚ್ಚು ಇಳಿಯಬಹುದು. ಕೆಲಸದ ಉಡುಪಿಗೆ ಇದು ಸಣ್ಣ ವಿಷಯ ಅಲ್ಲ. ರೆಸಿನ್ 30ಕ್ಕೆ ಇಳಿಸಿ ಒಂದು ಮಾದರಿ, 50ರಲ್ಲಿ ಒಂದು ಮಾದರಿ ಮಾಡಿ ಎಲ್ಮೆನ್‌ಡಾರ್ಫ್ (ಬಟ್ಟೆ ಹರಿಯುವ ಬಲದ ಪರೀಕ್ಷೆ) ನೋಡಿ ಆಮೇಲೆ ನಿರ್ಧರಿಸಿ.

ಪಾಲಿಯೆಸ್ಟರ್ ಭಾಗಕ್ಕೆ ಪಾಲಿಯೆಸ್ಟರ್-ಪಾಲಿಈಥರ್ ಕೋಪಾಲಿಮರ್. ಪೂರ್ತಿ ಪಾಲಿಯೆಸ್ಟರ್ ಆದರೆ 130 ಡಿಗ್ರಿಯ ಡೈ ಬಾತ್‌ನಲ್ಲೇ, ಬಟ್ಟೆಯ ತೂಕದ 2–4 ಶೇಕಡಾ, ಪಿಎಚ್ 4.5–5. ಅದು ನಾರಿನೊಳಗೇ ಬೆರೆತುಹೋಗುತ್ತೆ, ಒಗೆತಕ್ಕೆ ಗಟ್ಟಿ. ನಿಮ್ಮ 65/35 ಮೇಜುಬಟ್ಟೆಗೆ ಪಾಲಿಯೆಸ್ಟರ್ ಬಣ್ಣ ಹಾಕುವಾಗಲೇ ಇದನ್ನು ಕೊಟ್ಟು, ಹತ್ತಿ ಭಾಗಕ್ಕೆ ಕೊನೆಯಲ್ಲಿ ಅಕ್ರಿಲಿಕ್ ಪ್ಯಾಡ್ ಮಾಡೋದು (ಬಾತ್‌ನಲ್ಲಿ ಅದ್ದಿ ರೋಲರ್‌ಗಳಲ್ಲಿ ಹಿಂಡೋದು) ಸರಿಯಾದ ದಾರಿ.

ಪರೀಕ್ಷೆ ಎಎಟಿಸಿಸಿ 130. ಜೋಳದ ಎಣ್ಣೆ 5 ಹನಿ, ಮೇಲೆ 2.27 ಕೆಜಿ ತೂಕ 60 ಸೆಕೆಂಡ್, ಆಮೇಲೆ 15ರಿಂದ 25 ನಿಮಿಷದೊಳಗೆ ಒಗೆತ. 5ಕ್ಕೆ 4 ಬಂದರೆ ಖರೀದಿದಾರರ ಹತ್ತಿರ ತಲೆ ಎತ್ತಿ ಮಾತಾಡಬಹುದು. ಆದರೆ ಅವರ ಷರತ್ತಿನ ಪಟ್ಟಿಯಲ್ಲಿ "ಎಣ್ಣೆ ತಳ್ಳುವಿಕೆ 4" ಅಂತಲೇ ಇದ್ದರೆ ಮೊದಲು ಆ ಸಾಲನ್ನು ಬದಲಿಸಿ ಅಂತ ಕೇಳಿ. ಹಳೆಯ ಅಳತೆಗೋಲು ಹಾಗೇ ಇಟ್ಟುಕೊಂಡು ಫ್ಲೋರಿನ್ ಬೇಡ ಅನ್ನೋದು ಆಗದ ಮಾತು.

ಪಿಪೆಟ್_ಬ್ಯೂರೆಟ್:
50 ಪಿಪಿಎಂ ಮಾತು ಬಂದಿದೆ, ಎಲ್ಲರೂ ಹೊಸ ಕೆಮಿಕಲ್ ಬಗ್ಗೆಯೇ ಹೇಳುತ್ತಿದ್ದೀರಿ. ಮಾದರಿ ಫೇಲಾಗೋದು ಬಹಳ ಸಲ ಹಳೆಯ ಕೆಮಿಕಲ್ಲಿಂದ.

ಲೆಕ್ಕ ನೋಡಿ. ಲೀಟರಿಗೆ 40 ಗ್ರಾಂ ಸಿ6, ಅದರಲ್ಲಿ ಫ್ಲೋರಿನ್ 8 ಶೇಕಡಾ ಅಂದುಕೊಳ್ಳಿ, ಪಿಕಪ್ 60 ಶೇಕಡಾ. ಬಟ್ಟೆಯಲ್ಲಿ ಕಿಲೋಗೆ 1.9 ಗ್ರಾಂ, ಅಂದರೆ 1900 ಪಿಪಿಎಂ. ಈಗ 100 ಲೀಟರ್ ಹೊಸ ಬಾತ್‌ಗೆ ಹಳೆಯ ಬಾತ್ ಎರಡೂವರೆ ಲೀಟರ್ ಸೇರಿದರೂ ಸಾಕು, 50ರ ಹತ್ತಿರ ಬಂದಿರಿ. ಮಿಕ್ಸಿಂಗ್ ಟ್ಯಾಂಕಿನ ತಳ, ಪಂಪ್, ಪ್ಯಾಡ್ ತೊಟ್ಟಿಗೆ ಹೋಗುವ ಪೈಪು ಇಷ್ಟರಲ್ಲೇ ಅಷ್ಟು ದ್ರವ ನಿಂತಿರುತ್ತೆ.

ಪ್ಯಾಡ್ ರೋಲರ್ ರಬ್ಬರು ಹೀರಿಕೊಂಡಿರುತ್ತೆ. ಸ್ಟೆಂಟರಿನ (ಬಟ್ಟೆ ಹಿಗ್ಗಿಸಿ ಒಣಗಿಸುವ ಯಂತ್ರ) ಫ್ಯಾನ್, ಡಕ್ಟ್, ಎಕ್ಸಾಸ್ಟ್‌ನಲ್ಲಿ ಕೂತ ಜಿಡ್ಡು ಬಿಸಿಗೆ ಕರಗಿ ಬಟ್ಟೆ ಮೇಲೆ ತೊಟ್ಟಿಕ್ಕುತ್ತೆ. ಆ ಜಾಗದಿಂದ ಮಾದರಿ ತೆಗೆದರೆ ಒಂದೇ ಥಾನಿನಲ್ಲಿ ಒಂದು ಕಡೆ 20, ಇನ್ನೊಂದು ಕಡೆ 300 ಬರೋದೂ ಉಂಟು. ಸಾಧ್ಯವಿದ್ದರೆ ಟ್ಯಾಂಕು, ಪೈಪು ಪೂರ್ತಿ ಬೇರೆ ಇಡಿ. ಇಲ್ಲದಿದ್ದರೆ ಬಿಸಿ ಕ್ಷಾರ ಮತ್ತು ಡಿಟರ್ಜೆಂಟ್, ಆಮೇಲೆ ಬಿಸಿನೀರು, ಕೊನೆಯ ತೊಳೆತದ ನೀರನ್ನೂ ಪರೀಕ್ಷೆಗೆ ಕಳಿಸಿ. ತೊಳೆದ ನೀರನ್ನು ಚರಂಡಿಗೆ ಬಿಟ್ಟರೆ ಸಾಮಾನ್ಯ ಶುದ್ಧೀಕರಣ ಘಟಕ ಅದನ್ನು ಒಡೆಯಲ್ಲ, ಹೊಳೆಗೆ ಹೋಗಿ ಅಲ್ಲೇ ಇರುತ್ತೆ. ಸಾಂದ್ರ ಉಳಿಕೆಯನ್ನು ಬೇರೆ ಡ್ರಮ್ಮಿನಲ್ಲಿ ಅಪಾಯಕಾರಿ ತ್ಯಾಜ್ಯವಾಗಿ ಇಡಿ.

ಪರೀಕ್ಷೆ ಎರಡು ಬಗೆ. ದಹನ ಅಯಾನ್ ಕ್ರೊಮ್ಯಾಟೋಗ್ರಫಿಯಲ್ಲಿ ಬಟ್ಟೆ ಸುಟ್ಟು ಒಟ್ಟು ಫ್ಲೋರಿನ್ ಅಳೆಯುತ್ತಾರೆ. ಅದು ಫ್ಲೋರಿನ್ ಇದೆಯಾ ಅಂತ ಹೇಳುತ್ತೆ, ಯಾವ ವಸ್ತು ಅಂತ ಹೇಳಲ್ಲ. ಅಜೈವಿಕ ಫ್ಲೋರೈಡ್ ಕೂಡ ಅದರಲ್ಲಿ ಸೇರುತ್ತೆ. ಒಂದೊಂದೇ ವಸ್ತು ಹುಡುಕುವ ಪರೀಕ್ಷೆಯಲ್ಲಿ ಬರೀ ಮೆಥನಾಲ್‌ನಿಂದ ಎಳೆದರೆ ಪಾಲಿಮರ್‌ಗೆ ಅಂಟಿದ ಬಾಲಗಳು ಬರಲ್ಲ, ಕ್ಷಾರದಲ್ಲಿ ಒಡೆದು ಎಳೆದರೆ ಬರುತ್ತವೆ. ಒಂದೇ ಬಟ್ಟೆಗೆ ಎರಡು ಲ್ಯಾಬ್ ಬೇರೆ ಬೇರೆ ಸಂಖ್ಯೆ ಕೊಟ್ಟರೆ ಮೊದಲು ಎಳೆದ ವಿಧಾನ ಕೇಳಿ.

ಬಣ್ಣದ_ತೊಟ್ಟಿ:
ಜಿಪ್‌ನ ಲೇಪ, ಪಿಟಿಎಫ್‌ಇ (ಟೆಫ್ಲಾನ್) ಹೊಲಿಗೆ ದಾರ, ಮೆಂಬ್ರೇನ್, ಪ್ರಿಂಟಿಂಗ್ ಪೇಸ್ಟಿನಲ್ಲಿ ಹಾಕುವ ಸಮತಟ್ಟುಗೊಳಿಸುವ ದ್ರವ್ಯ, ಇವನ್ನೂ ನೋಡಿ. ಮರುಬಳಕೆಯ ನಾರಿನಲ್ಲಿ ಹಳೆಯ ಬಟ್ಟೆಯ ಫ್ಲೋರಿನ್ ಬಂದಿರಬಹುದು.

ಲೇಬಲ್_ಓದುಗ:
"ಪಿಎಫ್‌ಒಎ ಮುಕ್ತ" (ಸಿ8ನಿಂದ ಬರುವ ವಿಷಕಾರಿ ಆಮ್ಲ ಇಲ್ಲ) ಅಂತ ಬರೆದಿದ್ದರೆ ಸಾಕಾ? ಒಬ್ಬ ಸರಬರಾಜುದಾರ ಅದನ್ನೇ ಫ್ಲೋರಿನ್‌ರಹಿತ ಅಂತ ತೋರಿಸ್ತಿದ್ದಾರೆ.

ಪಿಪೆಟ್_ಬ್ಯೂರೆಟ್:
ಸಾಲದು. ಸಿ6 ಕೂಡ ಫ್ಲೋರಿನ್ ಕೆಮಿಕಲ್ಲೇ, ಆದರೂ "ಪಿಎಫ್‌ಒಎ ಮುಕ್ತ" ಅನ್ನಬಹುದು. "ಸಿ8 ಮುಕ್ತ" ಕೂಡ ಅಷ್ಟೇ. "ನ್ಯಾನೋ", "ಪರಿಸರಸ್ನೇಹಿ" ಅನ್ನುವುದಕ್ಕೆ ಇಲ್ಲಿ ಯಾವ ಅರ್ಥವೂ ಇಲ್ಲ. ಬರಹದಲ್ಲಿ ಕೇಳಬೇಕಾದ್ದು: ಉದ್ದೇಶಪೂರ್ವಕವಾಗಿ ಯಾವ ಪಿಎಫ್‌ಎಎಸ್ (ಇಂಥ ಫ್ಲೋರಿನ್ ಸರಪಳಿ ವಸ್ತುಗಳ ಇಡೀ ಗುಂಪು) ಕೂಡ ಸೇರಿಸಿಲ್ಲ, ಒಟ್ಟು ಜೈವಿಕ ಫ್ಲೋರಿನ್ (ಕಾರ್ಬನ್‌ಗೆ ಅಂಟಿದ್ದು) ಇಷ್ಟರೊಳಗೆ, ಬ್ಯಾಚ್ ನಂಬರ್ ಸಮೇತ ವರದಿ.

ಕಾನೂನು ಸಾಗಿದ ದಾರಿ ನೋಡಿದರೆ ಇದು ತಿಳಿಯುತ್ತೆ. ಸುಲಭಕ್ಕೆ ಒಡೆಯದ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಈ ಗುಂಪಿನ ಪಿಎಫ್‌ಒಎಸ್ ಸೇರಿದ್ದು 2009ರಲ್ಲಿ, ಪಿಎಫ್‌ಒಎ 2019ರಲ್ಲಿ, ಪಿಎಫ್‌ಎಚ್‌ಎಕ್ಸ್‌ಎಸ್ 2022ರಲ್ಲಿ. ಒಂದೊಂದನ್ನೇ ನಿಷೇಧಿಸಿದಾಗ ಉದ್ಯಮ ಪಕ್ಕದ ಉದ್ದದ ಸರಪಳಿಗೆ ಜಾರಿತು. ಈಗ ಗುಂಪಾಗಿ ಹಿಡಿಯುತ್ತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಬಟ್ಟೆಗಳಿಗೆ ಒಟ್ಟು ಜೈವಿಕ ಫ್ಲೋರಿನ್ 100 ಪಿಪಿಎಂ ಮಿತಿ, 2027ರಿಂದ 50. ನಿಮ್ಮ ಖರೀದಿದಾರರ 50 ಅಲ್ಲಿಂದಲೇ ಬಂದಿರಬೇಕು. ಫ್ರಾನ್ಸ್‌ನಲ್ಲಿ ಉಡುಪು, ಪಾದರಕ್ಷೆಗಳಿಗೆ 2026ರ ಜನವರಿಯಿಂದ ನಿಷೇಧ. ಯುರೋಪಿಯನ್ ಒಕ್ಕೂಟ ಸಿ6 ಒಡೆದಾಗ ಬರುವ ಪಿಎಫ್‌ಎಚ್‌ಎಕ್ಸ್‌ಎಗೇ 2024ರಲ್ಲಿ ನಿರ್ಬಂಧ ತಂದಿದೆ. ಜನಸಾಮಾನ್ಯರ ಉಡುಪಿಗೆ ಅದು 2026ರ ಅಕ್ಟೋಬರ್‌ನಿಂದ. ಮಿತಿ ಆಮ್ಲ ಮತ್ತು ಲವಣಗಳಿಗೆ 25 ಪಿಪಿಬಿ, ಸಂಬಂಧಿತ ವಸ್ತುಗಳಿಗೆ 1000 ಪಿಪಿಬಿ. ಪಿಪಿಬಿ, ಅಂದರೆ ಪಿಪಿಎಂನ ಸಾವಿರದಲ್ಲೊಂದು, ಗಮನಿಸಿ. ಒಟ್ಟು ಫ್ಲೋರಿನ್ 50 ಪಿಪಿಎಂ ಪಾಸಾದ ಬಟ್ಟೆ ಇಲ್ಲಿ ಸುಲಭವಾಗಿ ಫೇಲಾಗಬಹುದು.

ಮೃದು_ಮೈ:
ಸಿಲಿಕೋನ್ ಬಗ್ಗೆ ಯಾರೂ ಹೇಳಲಿಲ್ಲ. ನೀರು ತಳ್ಳುತ್ತೆ, ಬಟ್ಟೆಯ ಮೈ ಮೃದುವಾಗುತ್ತೆ, ಮೇಣದಂತೆ ಒರಟಲ್ಲ. ಸೋಫಾಗೆ ಅದೇ ಯಾಕಾಗಬಾರದು?

ಸ್ಟೆಂಟರ್_ಪಾಳಿ:
ಆಗಬಹುದು, ಆದರೆ ಮೂರು ಲೆಕ್ಕ ಇದೆ. ಡಿ4, ಡಿ5, ಡಿ6 ಚಕ್ರೀಯ ಸಿಲೋಕ್ಸೇನ್ ಉಳಿಕೆಗಳನ್ನು ಯುರೋಪ್ 2018ರಲ್ಲೇ ಅತಿ ಕಾಳಜಿಯ ವಸ್ತುಗಳ ಪಟ್ಟಿಗೆ ಹಾಕಿದೆ. ಸರಬರಾಜುದಾರರು ಪ್ರತಿಯೊಂದೂ 0.1 ಶೇಕಡಾಕ್ಕಿಂತ ಕಡಿಮೆ ಅಂತ ಬರೆದು ಕೊಡಬೇಕು. ಎರಡನೆಯದು, ನೂಲುಗಳು ಜಾರುತ್ತವೆ. ಸೋಫಾದ ಹೊಲಿಗೆ ಬಾಯಿ ಬಿಡುತ್ತೆ. ಹೊಲಿಗೆ ಜಾರುವ ಪರೀಕ್ಷೆ ಐಎಸ್‌ಒ 13936ರಲ್ಲಿ ನೋಡದೆ ಸಾಗಿಸಬೇಡಿ. ಜಾರದಂತೆ ಕೊಲಾಯ್ಡಲ್ ಸಿಲಿಕಾ ಹಾಕಿದರೆ ಅದು ನೀರನ್ನು ಕರೆಯುತ್ತೆ, ಸ್ಪ್ರೇ ಅಂಕ ಬೀಳುತ್ತೆ. ಮೂರನೆಯದು, ಗಾಢ ಬಣ್ಣದ ಪಾಲಿಯೆಸ್ಟರ್. 170ರಲ್ಲಿ ಡಿಸ್ಪರ್ಸ್ ಡೈ (ಪಾಲಿಯೆಸ್ಟರಿಗೆ ಹಾಕುವ ಬಣ್ಣ) ನಾರಿನಿಂದ ಹೊರಬಂದು ಸಿಲಿಕೋನ್ ಪದರಕ್ಕೆ ಸೇರಿಕೊಳ್ಳುತ್ತೆ, ಉಜ್ಜಿದರೆ ಬಣ್ಣ ಬಿಡುತ್ತೆ. ಕಪ್ಪು, ಗಾಢ ನೀಲಿ, ಮರೂನ್‌ಗೆ ನಾನಂತೂ ಒಪ್ಪಲ್ಲ.

ಮೃದು_ಮೈ:
ಕೊನೆಯದಕ್ಕೆ ಮೇಣವೂ ಅಷ್ಟೇ ಅಲ್ವಾ?

ಸ್ಟೆಂಟರ್_ಪಾಳಿ:
ಹೌದು, ಮೇಣಕ್ಕೂ ಉಂಟು. ಕ್ಯೂರಿಂಗ್ 150ಕ್ಕೆ ಇಳಿಸಿ, ಆ ಶಾಖದಲ್ಲೇ ತೆರೆದುಕೊಳ್ಳುವ ಐಸೋಸಯನೇಟ್ ಬಳಸಿದರೆ ಕಡಿಮೆಯಾಗುತ್ತೆ. ಬಣ್ಣ ಹಾಕಿದ ಮೇಲೆ ರಿಡಕ್ಷನ್ ಕ್ಲಿಯರಿಂಗ್ (ನಾರಿನ ಮೇಲೆ ಉಳಿದ ಬಣ್ಣ ತೆಗೆಯುವ ತೊಳೆತ) ಸರಿಯಾಗಿ ಆಗಿರಬೇಕು. ಇನ್ನೊಂದು: ಬೆಂಕಿ ನಿರೋಧಕ ಪರೀಕ್ಷೆ ಇರುವ ಸೋಫಾ ಬಟ್ಟೆಗೆ ಮೇಣ ಉರುವಲು ಇದ್ದ ಹಾಗೆ. ಫಿನಿಶ್ ಆದ ಮೇಲೆ ಮತ್ತೆ ಸುಟ್ಟು ನೋಡಬೇಕು.

ಕಾರ್ಪೆಟ್_ಕುಚ್ಚು:
ನೈಲಾನ್ ಕಾರ್ಪೆಟ್ ಮಾಡುವವರಿಗೆ ಒಂದು ಮಾತು. ಅಲ್ಲಿ ದೊಡ್ಡ ತಲೆನೋವು ಕೆಂಪು ಪಾನೀಯ. ಅದರ ಬಣ್ಣ ಆಸಿಡ್ ಡೈ, ನೈಲಾನಿನ ಅಮೀನ್ ತುದಿಗೆ ಹೋಗಿ ಕೂರುತ್ತೆ, ಅಂದರೆ ಕಾರ್ಪೆಟ್ಟಿಗೆ ಬಣ್ಣ ಹಾಕಿದ ಹಾಗೇ. ಇದಕ್ಕೆ ಫ್ಲೋರಿನ್ ಬೇಕಿರಲೇ ಇಲ್ಲ. ಸಲ್ಫೋನೇಟೆಡ್ ಆರೊಮ್ಯಾಟಿಕ್ ಕಂಡೆನ್ಸೇಟ್ ಅನ್ನು ಪಿಎಚ್ 2–2.5ರಲ್ಲಿ ಕೊಟ್ಟು ಒಂದೆರಡು ನಿಮಿಷ ಹಬೆ ಹಾಯಿಸಿ ತೊಳೆದರೆ ನಾರಿನ ಹೊರಪದರದ ಆ ಜಾಗಗಳು ಮೊದಲೇ ತುಂಬಿರುತ್ತವೆ. ಪರೀಕ್ಷೆ ಎಎಟಿಸಿಸಿ 175. ತೊಂದರೆ ಎರಡು: ಬಿಳಿ, ತಿಳಿ ಬಣ್ಣಗಳಲ್ಲಿ ಬೆಳಕಿಗೆ ಹಳದಿಯಾಗುತ್ತೆ, ಕ್ಷಾರೀಯ ಕ್ಲೀನರ್ ಹಾಕಿ ಉಜ್ಜಿದರೆ ಕಳಚಿಹೋಗುತ್ತೆ. ಅಥವಾ ನೂಲು ತೆಗೆಯುವಾಗಲೇ ಬಣ್ಣ ಬೆರೆಸಿದ, ಸಲ್ಫೋನೇಟ್ ಗುಂಪಿರುವ ನೈಲಾನ್ ತೆಗೆದುಕೊಳ್ಳಿ. ಅಲ್ಲಿ ಕೂರಲು ಜಾಗವೇ ಕಡಿಮೆ. ಪಾಲಿಪ್ರೊಪಿಲೀನ್‌ಗೂ ಇಂಥ ಕಲೆ ಹತ್ತಲ್ಲ, ಎಣ್ಣೆ ಮಾತ್ರ ಬಿಡಲ್ಲ.

ಮನೆಯ_ಗ್ರಾಹಕ:
ಫ್ಯಾಕ್ಟರಿ ಮಾತಿನ ನಡುವೆ ಬಂದೆ, ಕ್ಷಮಿಸಿ. ಮನೆಯಲ್ಲಿರುವ "ಕಲೆನಿರೋಧಕ" ಸೋಫಾದಲ್ಲಿ ಫ್ಲೋರಿನ್ ಇದೆಯಾ ಅಂತ ತಿಳಿಯೋದು ಹೇಗೆ? ಫ್ಲೋರಿನ್ ಇಲ್ಲದ ಸ್ಪ್ರೇ ತಂದು ಹೊಡೆಯಬಹುದಾ?

ಒಗೆತದ_ಲೆಕ್ಕ:
ಕಾಣದ ಜಾಗದಲ್ಲಿ, ಅಡಿಭಾಗದಲ್ಲೋ ಹಿಂಬದಿಯಲ್ಲೋ, ಒಂದು ಹನಿ ನೀರು, ಪಕ್ಕದಲ್ಲಿ ಒಂದು ಹನಿ ಅಡುಗೆ ಎಣ್ಣೆ ಇಡಿ. ಅರ್ಧ ನಿಮಿಷ ಬಿಟ್ಟು ನೋಡಿ. ಎಣ್ಣೆ ಗುಂಡಗೆ ನಿಂತೇ ಇದ್ದರೆ ಫ್ಲೋರಿನ್ ಇರುವ ಸಾಧ್ಯತೆ ಬಹಳ, ಮೇಲೆ ಸ್ಟೆಂಟರ್ ಸರ್ ಹೇಳಿದ ಕಾರಣಕ್ಕೇ. ನೀರು ನಿಂತು ಎಣ್ಣೆ ಹೀರಿದರೆ ಮೇಣವೋ ಸಿಲಿಕೋನೋ ಇರಬಹುದು, ಅಥವಾ ಸವೆದುಹೋದ ಹಳೆಯ ಫ್ಲೋರೋ ಫಿನಿಶ್ ಕೂಡ ಇರಬಹುದು. ಹಾಗಾಗಿ ಎಣ್ಣೆ ಹೀರಿತು ಅಂದ ಮಾತ್ರಕ್ಕೆ ಫ್ಲೋರಿನ್ ಇಲ್ಲ ಅನ್ನೋಕಾಗಲ್ಲ. ಆಮೇಲೆ ಎಣ್ಣೆಯನ್ನು ಟಿಶ್ಯೂನಲ್ಲಿ ಒತ್ತಿ ತೆಗೆಯಿರಿ, ಉಜ್ಜಬೇಡಿ.

ಸ್ಪ್ರೇ ಬಗ್ಗೆ ಎಚ್ಚರ. ಫ್ಲೋರಿನ್ ಇಲ್ಲದಿದ್ದರೂ ನೀರು ತಳ್ಳುವ ವಸ್ತುವಿನ ಸಣ್ಣ ಹನಿಗಳು ಶ್ವಾಸಕೋಶದ ಒಳಗೆ ಹೋದರೆ ಅಲ್ಲಿನ ತೆಳು ಪದರವನ್ನು ಕೆಡಿಸುತ್ತವೆ. ಇಂಥ ಸ್ಪ್ರೇಗಳಿಂದ ಉಸಿರಾಟದ ತೊಂದರೆಯಾದ ಪ್ರಕರಣಗಳು ದಾಖಲಾಗಿವೆ. ಮುಚ್ಚಿದ ಕೋಣೆಯಲ್ಲಿ ಏರೋಸಾಲ್ ಬೇಡವೇ ಬೇಡ. ಬಿಚ್ಚಿ ಒಗೆಯುವ ಕವರ್ ಇದ್ದರೆ ಒಗೆಯುವಾಗ ಹಾಕುವ ದ್ರವ ಬಳಸಿ. ಫ್ಯಾಬ್ರಿಕ್ ಸಾಫ್ಟನರ್ ಮಾತ್ರ ಹಾಕಬೇಡಿ, ಅದು ಯಾವ ಕಲೆನಿರೋಧಕ ಫಿನಿಶ್ಶನ್ನೂ ಮುಚ್ಚಿಹಾಕುತ್ತೆ.

ಮೇಜುಬಟ್ಟೆ_ನೇಯ್ಗೆ:
ಸೋಫಾ ಬಟ್ಟೆಗೆ ಹೇಳಿದ ರೆಸಿಪಿ ಲ್ಯಾಬ್ ಪ್ಯಾಡರ್‌ನಲ್ಲಿ ಹಾಕಿದೆ, 60 ಗ್ರಾಂ. ಸ್ಪ್ರೇ ಒಂದು ಕಡೆ 100, ಇನ್ನೊಂದು ಕಡೆ 70. ಕಡು ನೀಲಿಯ ಮೇಲೆ ಉಗುರಿನಲ್ಲಿ ಗೀರಿದರೆ ಬಿಳಿ ಗೆರೆ ಬೀಳುತ್ತೆ.

ಸ್ಟೆಂಟರ್_ಪಾಳಿ:
ಎರಡು ಬೇರೆ ಬೇರೆ ರೋಗ. 70 ಬಂದ ಕಡೆ ಬಟ್ಟೆಯಲ್ಲೇ ಏನೋ ಉಳಿದಿದೆ: ನೇಯ್ಗೆಯ ಗಂಜಿ, ಸ್ಪಿನ್ ಫಿನಿಶ್, ಬಣ್ಣದ ಡಿಸ್ಪರ್ಸಿಂಗ್ ಏಜೆಂಟ್ ಅಥವಾ ಕ್ಷಾರ. ಫಿನಿಶ್ ಹಾಕದ ತುಂಡನ್ನು ತೆಗೆದುಕೊಂಡು ಬಿಸಿ ಡಿಸ್ಟಿಲ್ಡ್ ನೀರಿನಲ್ಲಿ ಅಲ್ಲಾಡಿಸಿ. ನೊರೆ ನಿಂತರೆ ಸರ್ಫ್ಯಾಕ್ಟಂಟ್ (ಸೋಪಿನಂಥ ವಸ್ತು) ಉಳಿದಿದೆ, ಮತ್ತೊಮ್ಮೆ ಬಿಸಿಯಾಗಿ ತೊಳೆಯಬೇಕು. ಆ ನೀರಿನ ಪಿಎಚ್ 5.5–6.5 ಇರಲಿ, 7.5 ದಾಟಿದ್ದರೆ ಬಾತ್‌ನ ಆಮ್ಲ ಹಾಳಾಗುತ್ತೆ. ಫಿನಿಶ್‌ಗೆ ಮುಂಚೆ ನೀರಿನ ಹನಿ 3 ಸೆಕೆಂಡಿನೊಳಗೆ ಎಲ್ಲ ಕಡೆ ಒಂದೇ ರೀತಿ ಹೀರಬೇಕು.

ಬಿಳಿ ಗೆರೆ ಬರೋದು ಪದರ ನೂಲಿನ ಮೇಲೆಯೇ ಕೂತು ಒಡೆಯುವುದರಿಂದ. ಮೊದಲ ಚೇಂಬರ್ ತುಂಬಾ ಬಿಸಿಯಿದ್ದರೆ ನೀರಿನ ಜೊತೆ ಫಿನಿಶ್ ಕೂಡ ಮೇಲಕ್ಕೆ ಬರುತ್ತೆ. ಮೊದಲ ಎರಡು ಚೇಂಬರ್ 110ಕ್ಕೆ ಇಳಿಸಿ, ಮ್ಯಾಂಗಲ್ (ಹಿಂಡುವ ರೋಲರ್) ಒತ್ತಡ ಏರಿಸಿ ಪಿಕಪ್ ಒಂದೈದು ಶೇಕಡಾ ಕಡಿಮೆ ಮಾಡಿ, ಡೋಸ್ 60ರಿಂದ 50ಕ್ಕೆ. ಇಷ್ಟಾದರೂ ಗೆರೆ ಹೋಗದಿದ್ದರೆ ನಿಮ್ಮ ಡಿಸ್ಪರ್ಷನ್‌ನಲ್ಲಿ ಮೇಣದ ಪಾಲು ಜಾಸ್ತಿ ಇದೆ. ಗಾಢ ಬಣ್ಣಕ್ಕೆ ಬೇರೆ ಪಾಲಿಯುರೆಥೇನ್ ಮಾದರಿ ತರಿಸಿ, ತಿಳಿ ಬಣ್ಣಕ್ಕೆ ಇದನ್ನೇ ಓಡಿಸಿ.

ಪಿಪೆಟ್_ಬ್ಯೂರೆಟ್:
ಲ್ಯಾಬ್ ಪ್ಯಾಡರ್ ಕೂಡ ಸಿ6 ಕಂಡಿರುತ್ತೆ. ಫ್ಲೋರಿನ್ ಪರೀಕ್ಷೆಗೆ ಕಳಿಸೋ ಮಾದರಿಯ ಜೊತೆ, ಅದೇ ಪ್ಯಾಡರ್‌ನಲ್ಲಿ ಬರೀ ನೀರು ಹಾಯಿಸಿದ ಬಟ್ಟೆಯನ್ನೂ ಕಳಿಸಿ.